ಮಾವಿಗೊಂದು ಕಾಡಿಗೆ ಬೊಟ್ಟು

ನನ್ನ ಫೋಟೋಗಳಲ್ಲಿ ಮನುಷ್ಯರಿಗೆ ಪ್ರವೇಶವಿಲ್ಲ. ಮರ ಮಾತ್ರ. ಮನುಷ್ಯರು ಬೇಕೆಂದರೆ ಆಫೀಸಿನಲ್ಲಿ ಬೇಕಾದಷ್ಟು ಸಿಗುತ್ತಾರೆ. ಕೂಕಟ್‌ಪಲ್ಲಿಯ ಫ್ಲಾಟು ಬಿಟ್ಟು ಮಲ್ಕಾಜ್‌ಗಿರಿಯ ಈ ಮಹಡಿ ಮನೆಗೆ ಬಾಡಿಗೆಗೆ ಬಂದದ್ದೂ ಅಂಗಳದ ಮಾವಿನ ಮರ ನೋಡಿಯೇ. ಅಡುಗೆಮನೆ ಹೇಗಿದೆ ಎಂದು ಆಮೇಲೆ ನೋಡಿದೆ.

ಫೆಬ್ರುವರಿಯಲ್ಲಿ ಆ ಮರ ಮೊದಲ ಸಲ ಹೂ ಬಿಟ್ಟಿತು. ಎಲೆಯೇ ಕಾಣದಷ್ಟು ಹೂ. ಮರಗಳ ಫೋಟೋ ಪ್ರದರ್ಶನಕ್ಕೆ ಚಿತ್ರ ಕಳಿಸಲು ಮರುದಿನವೇ ಕೊನೆ. ಕ್ಯಾಮೆರಾ ಹಿಡಿದು ಇಳಿದರೆ, ಮನೆಯೊಡತಿ ಗೋದಾಬಾಯಿ ಮರಕ್ಕೆ ಬೆನ್ನು ಕೊಟ್ಟು ನಿಂತುಬಿಟ್ಟರು. ಕಲಬುರಗಿಯಿಂದ ತಂದ ಹಣ್ಣಿನ ಗೊರಟನ್ನು ನೆಟ್ಟವರು ಅವರೇ. ವರ್ಷಗಟ್ಟಲೆ ಅಕ್ಕಿ ತೊಳೆದ ನೀರು ಹಾಕಿದವರೂ ಅವರೇ. ಗೊಡ್ಡು ಮರ, ಕಡಿಸಿಬಿಡಿ ಎಂದು ಬೀದಿಯವರೆಲ್ಲ ಹೇಳಿದರೂ ಅವರು ಜಗ್ಗಿರಲಿಲ್ಲ.

“ಫೋಟೋ ತಗದ್ರ ನೆದರ ಆಗ್ತದ, ಗಾನವಿ. ಹೂವೆಲ್ಲಾ ಉದುರತಾವ.”

ಹೂ ಉದುರಿಸುವುದು ಗಾಳಿ, ಕ್ಯಾಮೆರಾ ಅಲ್ಲ ಎಂದು ನಾನು ವಾದಿಸಿದೆ. ಮೈಸೂರಿನವರಿಗೆ ಬಾಯಿ ಭಾಳ ಎಂದು ಅವರು ಗಂಡ ನರಸಿಂಹರಾಯರಿಗೆ ಕೇಳುವಂತೆ ಅಂದರು. ರಾಯರು ರೈಲ್ವೆಯಲ್ಲಿ ಇದ್ದವರು, ಎರಡು ಗಾಡಿ ಎದುರುಬದುರಾದರೆ ಏನು ಮಾಡಬೇಕೆಂದು ಬಲ್ಲವರು. ಮೊದಲು ದೃಷ್ಟಿಬೊಟ್ಟು, ಆಮೇಲೆ ಫೋಟೋ ಎಂದು ತೀರ್ಪು ಕೊಟ್ಟರು.

ಗೋದಾಬಾಯಿ ಕಾಡಿಗೆ ಡಬ್ಬಿ ತಂದು ಕಾಂಡದ ಮೇಲೆ ರೂಪಾಯಿಯಗಲದ ಬೊಟ್ಟಿಟ್ಟರು. ಕಂಪ್ಯೂಟರಿನಲ್ಲಿ ಅಳಿಸಿದರಾಯಿತು ಎಂದುಕೊಂಡು ನಾನು ಕ್ಲಿಕ್ಕಿಸತೊಡಗಿದೆ. ಬೆಳಕು ಸರಿಯಾಗಿ ಬಿದ್ದ ಗಳಿಗೆಯಲ್ಲೇ ಅವರು ಮುಷ್ಟಿಯಲ್ಲಿ ಉಪ್ಪು, ಮೆಣಸಿನಕಾಯಿ ಹಿಡಿದು ನಡುವೆ ಬಂದು ಮರಕ್ಕೆ ನಿವಾಳಿಸಿದರು. ಸಿಟ್ಟಿನಲ್ಲಿ ನನ್ನ ಬೆರಳು ಒತ್ತಿಯೇ ಬಿಟ್ಟಿತು.

ಸಂಜೆ ಎಲ್ಲ ಚಿತ್ರಗಳನ್ನೂ ನೋಡಿದೆ. ಚೆನ್ನಾಗಿದ್ದವು, ಆದರೆ ಯಾವ ಊರಿನ ಯಾವ ಮರವಾದರೂ ಆಗಬಹುದಿತ್ತು. ಗೋದಾಬಾಯಿ ಅಡ್ಡ ಬಂದ ಚಿತ್ರದಲ್ಲಿ ಮಾತ್ರ ಮರ, ನೀರೆರೆದು ಕೂರಿಸಿದ ಕೂಸಿನಂತೆ ಸುಮ್ಮನೆ ನಿವಾಳಿಸಿಕೊಳ್ಳುತ್ತಿತ್ತು. ನನ್ನ ನಿಯಮ ಮುರಿದು ಅದನ್ನೇ ಕಳಿಸಿದೆ. ಬೊಟ್ಟನ್ನೂ ಅಳಿಸಲಿಲ್ಲ.

ಚಿತ್ರ ಆಯ್ಕೆಯಾಯಿತು. ಏಪ್ರಿಲಿನಲ್ಲಿ ಪ್ರದರ್ಶನ. ಅಷ್ಟರಲ್ಲಿ ಮರದ ತುಂಬ ಕಾಯಿ. ಅದು ಜೇನುಹುಳುಗಳ ಕೆಲಸ ಎಂದು ನಾನು, ಕಾಡಿಗೆಯ ಕೆಲಸ ಎಂದು ಗೋದಾಬಾಯಿ. ಇಳಕಲ್ ಸೀರೆ ಉಟ್ಟು ಬಂದ ಅವರು, ತಮ್ಮ ಮರದ ಚಿತ್ರದ ಮುಂದೆ ಸೇರಿದ್ದ ಜನರನ್ನು ನೋಡಿದ್ದೇ ಸೆರಗಿನ ಗಂಟು ಬಿಚ್ಚಿ ಡಬ್ಬಿ ತೆಗೆದರು. ನಾನು ತಡೆಯುವಷ್ಟರಲ್ಲಿ ಚೌಕಟ್ಟಿನ ಗಾಜಿನ ಮೇಲೆ ಇನ್ನೊಂದು ಬೊಟ್ಟು ಬಿದ್ದಾಗಿತ್ತು.

“ಇಷ್ಟು ಮಂದಿ ನೋಡ್ಲಿಕ್ಕತ್ತಾರ. ಕಾಯಿ ಇನ್ನೂ ಎಳೇವು ಅವ.”

ಆಮೇಲೆ ನನ್ನ ಗದ್ದ ಹಿಡಿದು ತಿರುಗಿಸಿ, ಬೆರಳಿಗೆ ಉಳಿದಿದ್ದ ಕಾಡಿಗೆಯನ್ನು ಕೆನ್ನೆಗೆ ಒತ್ತಿದರು.

“ನಿನ್ನೂ ನೋಡ್ಲಿಕ್ಕತ್ತಾರ.”

ನನಗೆ ಎಷ್ಟು ಖುಷಿಯಾಯಿತೆಂದರೆ, ಮೈಸೂರಿನ ಬಾಯಿ ಜೇನುಹುಳುಗಳ ವಾದವನ್ನೇ ಮರೆತುಬಿಟ್ಟಿತು. ವಾಪಸು ಬರುವಾಗ ಮೆಟ್ರೋದಲ್ಲಿ ಎದುರಿಗೆ ಕುಳಿತವರು ನನ್ನ ಕೆನ್ನೆ ನೋಡಿ ನಗುತ್ತಿದ್ದರು. ನಾನು ಒರೆಸಿಕೊಳ್ಳಲಿಲ್ಲ.