ಅರವತ್ತು ಹೆಬ್ಬೆಟ್ಟು

ಪೇಪರಿನಲ್ಲಿ ಫೋಟೊ ಬಂದ ನಾಲ್ಕನೇ ದಿನ ಸತೀಶ್ ಕುಮಾರನಿಗೆ ಬೆವರಿಳಿಸುವ ಫೋನೊಂದು ಬಂತು. ಮಾತಾಡಿದವರು ಅವನ ಪಿಎಚ್‌.ಡಿ. ಗೈಡು ವಾಣಿಶ್ರೀ ಮೇಡಂ.

"ದಾವಣಗೆರೆಗೆ ಹೊರಟಿದೀನಿ. ದಾರಿಯಲ್ಲಿ ನಿಮ್ಮ ಅಡಿಕೆ ಸುಲಿಯೋ ಹೆಂಗಸರನ್ನ ಮಾತಾಡಿಸ್ಕೊಂಡು ಹೋಗ್ತೀನಿ."

ಬೇಡ ಅನ್ನಲು ನೆಪ ಸಿಗಲಿಲ್ಲ. ಪೇಪರಿನವರು ಅವನನ್ನು ಎರಡು ಲ್ಯಾಬ್ರಡಾರ್ ನಾಯಿಗಳ ನಡುವೆ ಕೂರಿಸಿ, 'ನಾಯಿ ಸಾಕಣೆಯಿಂದ ಸಂಶೋಧನೆಯವರೆಗೆ' ಎಂದು ಅರ್ಧ ಪುಟ ಬರೆದಿದ್ದರು. ಚನ್ನಗಿರಿಯ ಅಡಿಕೆ ಕಂಪನಿಯೊಂದರ ಜನರಲ್ ಮ್ಯಾನೇಜರ್ ಆಗಿದ್ದೂ, ಹೊನ್ನಾಳಿ, ನ್ಯಾಮತಿ, ಜಗಳೂರು ಕಡೆಯಿಂದ ಸುಲಿಯಲು ಬರುವ ಅರವತ್ತು ಹೆಂಗಸರ ಜೊತೆ ನೆಲದ ಮೇಲೆ ಕೂತು ಅವರ ಕೈನೋವು ಬರೆದುಕೊಂಡ ದೊಡ್ಡ ಮನಸ್ಸಿನವರು ಎಂದು ಹೊಗಳಿದ್ದರು.

ಅವನು ಒಬ್ಬಳ ಜೊತೆಯೂ ಕೂತಿರಲಿಲ್ಲ.

ಕೂರುವ ಮನಸ್ಸೇನೋ ಇತ್ತು. ಹೋದ ಸುಗ್ಗಿಯ ಭಾನುವಾರಗಳನ್ನು ಅದಕ್ಕೇ ಎತ್ತಿಟ್ಟಿದ್ದ. ಮೊದಲನೇ ಭಾನುವಾರವೇ ಅವನ ನಾಯಿ ಬ್ರೂನೊ ಗಾಜು ತುಳಿದು ಪಾದ ಸೀಳಿಕೊಂಡಿತು. ಶಿವಮೊಗ್ಗಕ್ಕೆ ಕರೆದೊಯ್ದು ಹೊಲಿಗೆ ಹಾಕಿಸಿದ. ಮುಂದಿನ ವಾರ ಪಟ್ಟಿ ಬದಲಿಸಬೇಕಾಯಿತು, ಅದರ ಮುಂದಿನ ವಾರ ಕೀವು ಬಂತು. ನಾಯಿ ನೆಟ್ಟಗೆ ನಡೆಯುವ ಹೊತ್ತಿಗೆ ಸುಗ್ಗಿ ಮುಗಿದು ಹೆಂಗಸರೆಲ್ಲ ಊರು ಸೇರಿದ್ದರು. ವಿಶ್ವವಿದ್ಯಾಲಯದ ಗಡುವು ಎದುರಿಗಿತ್ತು. ನೋವು ಇರುವುದು ಗೊತ್ತೇ ಇದೆಯಲ್ಲ, ಕೇಳಿದರೂ ಅದನ್ನೇ ತಾನೆ ಹೇಳುವುದು ಎಂದುಕೊಂಡು ಊಟದ ಮೇಜಿನ ಮೇಲೆ ಸಮೀಕ್ಷೆಯ ಅರವತ್ತು ಫಾರಂ ಹರವಿದ. ಹಾಜರಿ ಪುಸ್ತಕದಿಂದ ಹೆಸರು ಇಳಿಸಿದ. ವಯಸ್ಸು, ನೋವು ಎಲ್ಲ ಅಂದಾಜಿನಲ್ಲಿ ತುಂಬಿದ. ಕೊನೆಗೆ ತನ್ನದೇ ಎಡಗೈ ಹೆಬ್ಬೆಟ್ಟನ್ನು ಶಾಯಿಗೆ ಅದ್ದಿ, ಒಂದೊಂದಕ್ಕೆ ಒಂದೊಂದು ಕಡೆ ವಾಲಿಸಿ, ಅರವತ್ತು ಸಲ ಒತ್ತಿದ.

ಮೇಡಂ ಬಂದ ದಿನ, ಕೆರೆಬಿಳಚಿಯಲ್ಲಿದ್ದ ಕಂಪನಿಯ ಕಣದಲ್ಲಿ, ಈ ಸುಗ್ಗಿಗೆ ಮತ್ತೆ ಬಂದಿದ್ದ ಹೆಂಗಸರು ಸಾಲಾಗಿ ಕೂತು, ಕಾಲಲ್ಲಿ ಮೆಟ್ಟಿ ಹಿಡಿದ ಮೆಟ್ಟುಗತ್ತಿಯಲ್ಲಿ ಹಸಿ ಅಡಿಕೆ ಸುಲಿಯುತ್ತಿದ್ದರು. ಸತೀಶ್ ಕುಮಾರನ ಪಕ್ಕ ನಿಂತಿದ್ದ ವಾಣಿಶ್ರೀ ಮೇಡಂ ಬ್ಯಾಗಿನಿಂದ ಫಾರಂ ಕಟ್ಟು ತೆಗೆದು ಕರೆದರು.

"ಸುಂಕಲಮ್ಮ, ಜಗಳೂರು ತಾಲ್ಲೂಕು. ಯಾರಮ್ಮ?"

"ನಾನೇ ಕಣ್ರಮ್ಮ." ಐವತ್ತು ದಾಟಿದ ಹೆಂಗಸು ಕೈ ನಿಲ್ಲಿಸದೆ ತಲೆ ಎತ್ತಿದಳು.

"ಸಾಹೇಬರಿಗೆ ಚೆನ್ನಾಗಿ ಮಾಹಿತಿ ಕೊಟ್ಟಿದೀರಿ. ಈ ಹೆಬ್ಬೆಟ್ಟು ನಿಮ್ಮದೇ ಅಲ್ವಾ?"

ಸುಂಕಲಮ್ಮ ಫಾರಮ್ಮಿನ ಕಡೆ ಬಗ್ಗಿ ನೋಡಿ ನಕ್ಕುಬಿಟ್ಟಳು.

"ನಂದಾ! ಎಷ್ಟು ಚೆಂದ ಗೆರೆ ಬಿದ್ದಾವೆ ನೋಡ್ರಿ. ಯಾರೋ ಕೆಲಸ ಮಾಡದೋರ ಬೆರಳು ಇದು." ಕೈಲಿದ್ದ ಅಡಿಕೆ ಕೆಳಗಿಟ್ಟು ತನ್ನ ಹೆಬ್ಬೆಟ್ಟು ಎತ್ತಿ ತೋರಿಸಿದಳು. ಅಡಿಕೆ ರಸ ಕುಡಿದು ಕಪ್ಪಾಗಿ, ಸವೆದು ನುಣ್ಣಗಾಗಿತ್ತು. "ರೇಷನ್ ಅಂಗಡಿ ಮಿಷನ್ನೇ ನಮ್ಮನ್ನ ಒಲ್ಲೆ ಅಂತೈತೆ. ಅಕ್ಕಿ ತರಾಕೆ ಮಗನ್ನ ಕಳಿಸ್ತೀನಿ."

"ನಂದೈತೇನ್ರಿ ಅದ್ರಾಗೆ?" ಪಕ್ಕದ ಕೊಲ್ಲಾಪುರಮ್ಮ ಕೇಳಿದಳು. "ಏಳನೇ ಕ್ಲಾಸು ಓದೀನಿ, ಸಹಿ ಹಾಕ್ತೀನಿ. ನಂಗೂ ಹೆಬ್ಬೆಟ್ಟು ಒತ್ತಿಸ್ಯಾರಾ?"

ಸಾಲೆಲ್ಲ ನಗುತ್ತಿದ್ದಾಗ ಸುಂಕಲಮ್ಮನ ಕಣ್ಣು ಸತೀಶ್ ಕುಮಾರನ ಮುಖದ ಮೇಲೆ ಬಿತ್ತು. ಆ ಮುಖದಲ್ಲಿ ರಕ್ತವಿರಲಿಲ್ಲ. ಅವಳ ನಗು ನಿಂತಿತು.

"ಅಯ್ಯ, ತಡೀರಮ್ಮ," ಎಂದಳು ಮೆತ್ತಗೆ. "ಹೋದ ವರ್ಷ ಒತ್ತಿದ್ದೆ ಅಲ್ಲೇನ್ರಿ ಸಾರ್? ಬರಾಕೆ ಮುಂಚೆ ಊರಾಗೆ ತಿಂಗಳು ಕೆಲಸ ಇರಲಿಲ್ಲ. ಬೆರಳು ಸುದ್ದಾಗಿತ್ತು. ನಂದೇ ಇದು. ಮರೆತಿದ್ದೆ."

ಹೂಂ ಅಂದರೆ ಸಾಕಿತ್ತು. ಹೆಸರಿನ ಮುಂದೆ ಡಾಕ್ಟರ್ ಕೂರುತ್ತಿತ್ತು. ಮೇಡಂ ಕಾರು ಹತ್ತುತ್ತಿದ್ದರು. ಆದರೆ ಆ ಹೆಂಗಸು ತನ್ನನ್ನು ಕಾಯಲು ಸುಳ್ಳು ಹೇಳುತ್ತಾ, ಕಪ್ಪು ಬೆರಳನ್ನು ಸೆರಗಿನಲ್ಲಿ ಮುಚ್ಚಿಕೊಳ್ಳುತ್ತಿದ್ದಳು. ಅದನ್ನು ನೋಡಲಾಗಲಿಲ್ಲ.

"ಅವಳದಲ್ಲ ಮೇಡಂ. ನನ್ನದು."

"ಇದೊಂದಾ?"

"ಅರವತ್ತೂ."

ಮೇಡಂ ಬಯ್ಯಲಿಲ್ಲ. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಫಾರಂಗಳನ್ನು ಜೋಡಿಸಿ ಬ್ಯಾಗಿಗೆ ಹಾಕಿ, "ನಾನಿದನ್ನ ಬರೆದು ತಿಳಿಸಲೇಬೇಕು ಸತೀಶ್," ಎಂದಷ್ಟೇ ಹೇಳಿ ಹೊರಟರು.

ಕಾರಿನ ಧೂಳು ಅಡಗಿತು.

"ನನ್ನ ಬಾಯಿ ಸುಡ್ಲಿ," ಸುಂಕಲಮ್ಮ ಹಣೆ ಬಡಿದುಕೊಂಡಳು. "ಸುಮ್ಕಿರಬೇಕಿತ್ತು ನಾನು. ತಪ್ಪಾತು ಸಾರ್."

ತಪ್ಪು ಅವಳದಂತೆ! ಅವನು ಅಡಿಕೆ ಸಿಪ್ಪೆಯ ರಾಶಿಯ ಪಕ್ಕದಲ್ಲೇ ನೆಲದ ಮೇಲೆ ಕೂತ.

"ಅಷ್ಟಕ್ಕೂ ಏನು ಕೇಳೋದಿತ್ತು ನಮ್ಮನ್ನ?" ಸುಂಕಲಮ್ಮ ಕೇಳಿದಳು.

"ಕೈ ನೋಯುತ್ತಾ ಅಂತ," ಎಂದ.

"ಇಷ್ಟೇಯಾ!" ಅವಳು ಮತ್ತೆ ಅಡಿಕೆಗೆ ಕೈ ಹಾಕಿದಳು. "ನೋವು ಹೆಂಗೋ ತಡ್ಕಬಹುದು ಸಾರ್. ಉರೀನೇ ತಡಿಯಾಕಾಗಲ್ಲ. ಸಾರು ಕಲಸಿದ್ರೆ ಬೆರಳು ಭಗ್ ಅಂತಾವೆ. ಸುಗ್ಗಿ ಮುಗಿಯೋಗಂಟ ಚಮಚದಾಗೇ ಉಣ್ಣದು. ನಮ್ಮ ಮೊಮ್ಮಗಳು ಆಡ್ಕಂತಾಳೆ, ಅಜ್ಜಿ ಹೋಟ್ಲಾಗೆ ಉಣ್ಣೋ ಸಾಹೇಬ್ರ ಥರ ಉಣ್ತಾಳೆ ಅಂತ."

ಹೆಂಗಸರೆಲ್ಲ ಗೊಳ್ಳೆಂದು ನಕ್ಕರು. ಸತೀಶ್ ಕುಮಾರ ತುಂಬಿದ ಅರವತ್ತು ಫಾರಂಗಳಲ್ಲಿ ಉರಿ ಅನ್ನುವ ಮಾತು ಒಂದು ಕಡೆಯೂ ಇರಲಿಲ್ಲ.