ಮೌಸ್ ಮುಟ್ಟದ ಮಿಂಚಣ್ಣ

"ಭಾವ, ಈ ಶನಿವಾರ ನಿಮ್ಮ ಕಂಪ್ಯೂಟರನ್ನೂ ತೊಳೆದು ಒಣಗಿಸ್ತಾರೆ," ಎಂದು ಭಾಮೈದ ಮೇಜಿಗೆ ಒರಗಿ ಹೇಳಿದಾಗ ಮಿಂಚಣ್ಣ ಮುಖಪುಟದ ತಲೆಬರಹ ಕೂರಿಸುತ್ತಿದ್ದ. ಪರದೆಯಿಂದ ಕಣ್ಣು ತೆಗೆಯದೆ, "ತೊಳೆಯೋದು ಅಂದ್ರೆ?" ಎಂದ.

"ಅಂದ್ರೆ ಇರೋದನ್ನೆಲ್ಲ ಅಳಿಸಿ ಹೊಸದಾಗಿ ಹಾಕೋದು. ಎಲ್ಲರ ಮಷೀನೂ ಒಂದೇ ಥರ ಇರ್ಬೇಕಂತೆ. ಯಾರು ಬೇಕಾದ್ರೂ ಎಲ್ಲಿ ಬೇಕಾದ್ರೂ ಕೂತು ಕೆಲಸ ಮಾಡ್ಬೇಕಂತೆ. ಹೊಸ ಸಾಹೇಬ್ರ ಅಪ್ಪಣೆ. ನಾನೇನು ಮಾಡ್ಲಿ ಹೇಳಿ, ಹೇಳಿದಷ್ಟು ಮಾಡೋನು."

ಆ ವಾರಪತ್ರಿಕೆಯ ಕಚೇರಿಯಲ್ಲಿ ಕಂಪ್ಯೂಟರುಗಳ ಆರೈಕೆಯೆಲ್ಲ ಭಾಮೈದನದು. ಪುಟ ಕಟ್ಟುವ ಕೆಲಸ ಮಿಂಚಣ್ಣನದು. ಅಕ್ಕನ ಗಂಡ ಎಂಬ ಸಲಿಗೆಯಿಂದ ಅವನು ಭಾವನ ಕಂಪ್ಯೂಟರಿಗೆ ಕೇಳಿದ್ದನ್ನೆಲ್ಲ ಮಾಡಿಕೊಟ್ಟಿದ್ದ. ಪರದೆಯ ಮೇಲೆ ಕಿಟಕಿಗಳು ತೆರೆಯುವಾಗಿನ ಒನಪು ವಯ್ಯಾರವನ್ನೆಲ್ಲ ಕಿತ್ತು ಹಾಕಿದ್ದ. ಶುರುವಾಗುತ್ತಲೇ ತಾವೂ ಎದ್ದು ಕೂರುವ ಬೇಡದ ಸಾಫ್ಟ್‌ವೇರುಗಳ ಬಾಯಿ ಮುಚ್ಚಿಸಿದ್ದ. ಒಂದು ಕೀ ಒತ್ತಿದರೆ ಫೋಟೊ ಎರಡು ಕಾಲಮ್ಮಿಗೆ ಬಂದು ಕೂರುವಂತೆ, ಇನ್ನೊಂದು ಒತ್ತಿದರೆ ಅದರ ಕೆಳಗೆ ಅಡಿಬರಹಕ್ಕೆ ಜಾಗ ತೆರೆಯುವಂತೆ, ಕಂಟ್ರೋಲು, ಆಲ್ಟು, ಶಿಫ್ಟುಗಳ ಜೋಡಣೆಯಲ್ಲೇ ಇಡೀ ಪುಟ ಮುಗಿದುಹೋಗುವಂತೆ ಇಬ್ಬರೂ ಸೇರಿ ಹೊಂದಿಸಿದ್ದರು. ಮಿಂಚಣ್ಣ ಎಂಬ ಹೆಸರು ಬಂದದ್ದೇ ಆಮೇಲೆ. ಅವನ ಮೇಜಿನ ಮೇಲೆ ಮೌಸೇ ಇರಲಿಲ್ಲ. ಮೌಸ್ ಹಿಡಿಯುವುದು ಅವನ ಗತ್ತಿಗೆ ಕಡಿಮೆ ಎಂದು ಕಚೇರಿಯವರು ಆಡಿಕೊಳ್ಳುತ್ತಿದ್ದರು. ಅವನೂ ನಕ್ಕು ಸುಮ್ಮನಿರುತ್ತಿದ್ದ.

ನಿಜ ಗೊತ್ತಿದ್ದದ್ದು ಹೆಂಡತಿಗೆ ಮಾತ್ರ. ಅವನ ಬಲಗೈ ನಡುಗುತ್ತಿತ್ತು. ಕಂಪವಾತ, ಇನ್ನೂ ಮೊದಲ ಹಂತ, ಮಾತ್ರೆಯಿಂದ ತಗ್ಗುತ್ತದೆ, ಹೋಗುವುದಿಲ್ಲ ಎಂದು ಡಾಕ್ಟರು ಹೇಳಿದ್ದರು. ಕೀಬೋರ್ಡಿನ ಮೇಲೆ ಅಂಗೈಯನ್ನು ಒತ್ತಿ ಊರಿದರೆ ಅದು ಹಟ ಬಿಟ್ಟ ಮಗುವಿನಂತೆ ಸುಮ್ಮನಾಗುತ್ತಿತ್ತು. ಮೌಸ್ ಹಿಡಿದರೆ ಸಾಕು, ಬಾಲ ಬಿಚ್ಚುತ್ತಿತ್ತು. ಬೆರಳು ನಡುಗಿ ಒಂದೇ ಕೀಯನ್ನು ಎರಡು ಸಲ ಒತ್ತಿದರೂ ಕಂಪ್ಯೂಟರು ಒಂದೇ ಎಂದು ತಿಳಿಯುವ ಏರ್ಪಾಡೊಂದನ್ನು ಭಾಮೈದನ ಕೈಯಲ್ಲೇ ಮಾಡಿಸಿಕೊಂಡಿದ್ದ. "ಹಳೇ ಕೀಬೋರ್ಡು ಕಣೋ, ಎರಡೆರಡು ಅಕ್ಷರ ಬೀಳ್ತಿದೆ," ಎಂದಿದ್ದ. ಪಾಪ, ಅವನು ನಂಬಿದ್ದ.

"ನಂದೊಂದು ಬಿಟ್ಟುಬಿಡೋಕೆ ಆಗಲ್ವೇನೋ?" ಎಂದು ಮಿಂಚಣ್ಣ ಈಗ ಕೇಳಿದ.

"ಸಾಹೇಬ್ರನ್ನೇ ಕೇಳಿ. ನೀವು ಕೇಳಿದ್ರೆ ಇಲ್ಲ ಅನ್ನಲ್ಲ."

ಹೊಸ ಸಾಹೇಬ ಕೆಟ್ಟವನಲ್ಲ. ಕೆಟ್ಟವನಾಗಿದ್ದರೆ ಬೈದುಕೊಂಡಾದರೂ ಹಗುರಾಗಬಹುದಿತ್ತು. ಕಣ್ಣು ಮಂಜಾಗಿದೆ ಎಂದು ಬಾಯಿ ತಪ್ಪಿ ಹೇಳಿಕೊಂಡ ಪ್ರೂಫ್ ರೀಡರಿಗೆ, "ನೀವು ವಿಶ್ರಾಂತಿ ತಗೊಳ್ಳಿ, ಆರೋಗ್ಯ ಮುಖ್ಯ," ಎಂದು ಹೂಗುಚ್ಛ ಕೊಟ್ಟು, ಪಕ್ಕದಲ್ಲಿ ನಿಂತು ಫೋಟೊ ತೆಗೆಸಿಕೊಂಡು ಮನೆಗೆ ಕಳಿಸಿದ್ದ. ಆ ಫೋಟೊವನ್ನು ಪುಟಕ್ಕೆ ಕೂರಿಸಿದವನು ಮಿಂಚಣ್ಣನೇ. ಹೂಗುಚ್ಛದ ಹಿಂದೆ ಮುದುಕನ ಮುಖ ಅರ್ಧ ಮುಚ್ಚಿತ್ತು. ಅಂದಿನಿಂದ ಮಿಂಚಣ್ಣ ಹೂವಿನ ಅಂಗಡಿ ಕಂಡರೆ ರಸ್ತೆ ದಾಟಿ ಆಚೆ ಬದಿಯಲ್ಲಿ ಹೋಗುತ್ತಿದ್ದ.

ಅವನು ಸಾಹೇಬನ ಕೋಣೆಗೆ ಹೋದ. ಬಲಗೈಯನ್ನು ಪ್ಯಾಂಟಿನ ಜೇಬಿನಲ್ಲಿಟ್ಟುಕೊಂಡೇ ನಿಂತ. ತನ್ನ ಪದ್ಧತಿಯಿಂದ ಎಷ್ಟು ಬೇಗ ಕೆಲಸ ಆಗುತ್ತದೆ, ಅದನ್ನು ಅಳಿಸಿದರೆ ಪತ್ರಿಕೆಗೆ ಎಷ್ಟು ನಷ್ಟ ಎಂದೆಲ್ಲ ಹೇಳುತ್ತ ಹೇಳುತ್ತ, ದಿಗಿಲಿನಲ್ಲಿ ನಾಲಿಗೆ ಒಂದು ಮಾರು ಮುಂದೆ ಹೋಯಿತು. "ಅರ್ಧಕ್ಕರ್ಧ ಸಮಯ ಉಳಿಯುತ್ತೆ ಸಾರ್," ಎಂದುಬಿಟ್ಟ.

ಸಾಹೇಬನ ಕಣ್ಣು ಅರಳಿತು. "ಅರ್ಧ! ಹಾಗಿದ್ರೆ ನಿಮ್ಮ ಒಬ್ಬರದ್ಯಾಕೆ, ಎಲ್ಲರ ಮಷೀನಿಗೂ ಅದನ್ನೇ ಹಾಕಿಸೋಣ. ಶುಕ್ರವಾರ ಎಲ್ಲರ ಮುಂದೆ ಒಂದು ಸಲ ಮಾಡಿ ತೋರ್ಸಿ."

ಮಿಂಚಣ್ಣನಿಗೆ ಹೋದ ಜೀವ ಬಂದಂತಾಯಿತು. ಎಲ್ಲರ ಕಂಪ್ಯೂಟರಿಗೂ ಅದೇ ಏರ್ಪಾಡು ಬಂದರೆ ಎಲ್ಲಿ ಕೂರಿಸಿದರೇನು, ಯಾರು ಮೌಸ್ ಮುಟ್ಟದಿದ್ದರೇನು? ತನ್ನ ಕೈಯ ಗುಟ್ಟು ಇಡೀ ಕಚೇರಿಯ ರೂಢಿಯೊಳಗೆ ಅಡಗಿಹೋಗುತ್ತದೆ. ಮಗಳ ಓದು ಮುಗಿಯುವವರೆಗೆ ಹೇಗೋ ದೂಡಬಹುದು. ಮನೆಗೆ ಹೋಗುವಾಗ ಬಸ್ಸಿನಲ್ಲಿ ಅವನಿಗೆ ಕುಳಿತಲ್ಲೇ ನಗು ಬರುತ್ತಿತ್ತು.

ಶುಕ್ರವಾರ ಬೆಳಿಗ್ಗೆ ಹೆಂಡತಿ ಅವನ ಅಂಗಿಯ ತೋಳಿನ ಗುಂಡಿ ಹಾಕುತ್ತ ತಲೆ ಎತ್ತದೆ ಹೇಳಿದಳು. "ತಮ್ಮಂಗೆ ಹೇಳಿಬಿಡೋಣ ಕಣ್ರೀ. ಪಕ್ಕದಲ್ಲೇ ಇರ್ತಾನೆ, ಏನಾದ್ರೂ ಆದ್ರೆ ಸಂಭಾಳಿಸ್ತಾನೆ."

"ನಿನ್ನ ತಮ್ಮನ ಬಾಯಲ್ಲಿ ಎಳ್ಳುಕಾಳೂ ನೆನೆಯಲ್ಲ. ಮಧ್ಯಾಹ್ನದೊಳಗೆ ಗೇಟ್ ಕಾಯೋನಿಗೂ ಗೊತ್ತಾಗಿರುತ್ತೆ."

"ನಮ್ಮ ಕಡೆಯೋರಂದ್ರೆ ನಿಮಗೆ ಮೊದಲಿಂದ ಅಷ್ಟೇ," ಎಂದು ಅವಳು ಮುಖ ಊದಿಸಿಕೊಂಡಳು. ಆದರೂ ಗುಂಡಿ ಹಾಕಿದ ಮೇಲೆ ಅವನ ಕೈಯನ್ನು ತಕ್ಷಣ ಬಿಡಲಿಲ್ಲ. ಎರಡು ಅಂಗೈಗಳ ನಡುವೆ ಹಿಡಿದು, ಅದು ನಿಲ್ಲುವುದೇನೋ ಎಂದು ಸ್ವಲ್ಪ ಹೊತ್ತು ಕಾದಳು. ಅದು ನಿಲ್ಲಲಿಲ್ಲ. ಮಾತ್ರೆಯ ಡಬ್ಬಿಯನ್ನು ಅವನ ಎಡ ಜೇಬಿಗೆ ಹಾಕಿ ಒಳಗೆ ಹೋದಳು.

ಮೀಟಿಂಗ್ ಕೋಣೆ ತುಂಬಿತ್ತು. ಭಾಮೈದ ಭಾವನ ಕಂಪ್ಯೂಟರನ್ನು ಮಗುವಿನಂತೆ ಎತ್ತಿಕೊಂಡು ಬಂದು ಪ್ರೊಜೆಕ್ಟರಿಗೆ ಜೋಡಿಸಿದ್ದ. ಗೋಡೆಯ ತುಂಬ ಖಾಲಿ ಪುಟ. ಸಾಹೇಬ ಫೋನಿನಲ್ಲಿ ಗಡಿಯಾರ ಒತ್ತಿದ.

ಮಿಂಚಣ್ಣ ಅಂಗೈ ಊರಿ ಶುರು ಮಾಡಿದ. ತಲೆಬರಹ ಬಂದು ನಿಂತಿತು. ಬರಹ ಕಾಲಮ್ಮುಗಳಿಗೆ ಹರಿಯಿತು. ಫೋಟೊ ಕರೆದ ಕಡೆ ಬಂದು ಕೂತಿತು. ಗೋಡೆಯ ಮೇಲೆ ಪುಟ ತಾನಾಗಿ ಕಟ್ಟಿಕೊಳ್ಳುತ್ತಿರುವಂತಿತ್ತು. ಯಾರೋ ಹಿಂದಿನಿಂದ "ಅಬ್ಬಬ್ಬಾ" ಎಂದರು. ಕೊನೆಯ ಕೀ ಒತ್ತಿ ಕುರ್ಚಿಗೆ ಒರಗಿದಾಗ ಚಪ್ಪಾಳೆ ಬಿತ್ತು. ಹೇಳಬಾರದೇಕೆ, ಮಿಂಚಣ್ಣನಿಗೆ ಖುಷಿಯಾಯಿತು. ಬಹಳ ದಿನಗಳ ಮೇಲೆ ತನ್ನ ಕೈಯ ಬಗ್ಗೆ ಅವನಿಗೆ ಅಭಿಮಾನ ಹುಟ್ಟಿತು.

"ಭೇಷ್! ಈಗ ಇದೇ ಪುಟ ಮೌಸಲ್ಲಿ ಮಾಡಿ," ಎಂದ ಸಾಹೇಬ.

"ಮೌಸಲ್ಲಾ? ಯಾಕೆ ಸಾರ್?"

"ಅರ್ಧ ಉಳಿಯುತ್ತೆ ಅಂದ್ರಲ್ಲ. ಯಾವುದರ ಅರ್ಧ ಅಂತ ಗೊತ್ತಾಗ್ಬೇಡ್ವೇ? ಮೇಲಿನವರಿಗೆ ನಾನು ತೋರಿಸ್ಬೇಕು."

"ಬೇರೆ ಯಾರಾದ್ರೂ ಮಾಡ್ಲಿ ಸಾರ್. ನನಗೆ ಅಭ್ಯಾಸ ತಪ್ಪಿದೆ."

"ಬೇರೆಯವರು ಮಾಡಿದ್ರೆ ಅವರೇ ನಿಧಾನ ಅಂತಾರೆ. ಮಾಡಿದವರೇ ಎರಡೂ ಮಾಡಿದ್ರೆ ಲೆಕ್ಕ ಸರಿ."

ಮಾತಿನಲ್ಲಿ ತಪ್ಪಿರಲಿಲ್ಲ. ಮಿಂಚಣ್ಣ ಎಡಗೈಯ ಬಗ್ಗೆ ಯೋಚಿಸಿದ. ಮನೆಯಲ್ಲಿ ಕದ್ದುಮುಚ್ಚಿ ಅಭ್ಯಾಸ ಮಾಡಿದ್ದೂ ಉಂಟು, ಆದರೆ ಎಡಗೈ ಇನ್ನೂ ದಾರಿ ತಪ್ಪುತ್ತಿತ್ತು. ಅಲ್ಲದೆ ಎಡಗೈ ಯಾಕೆ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಹೊಟ್ಟೆನೋವು ಎಂದು ಎದ್ದು ಹೋಗಲೇ ಎನ್ನಿಸಿತು. ಅಷ್ಟರಲ್ಲಿ ಭಾಮೈದ ಹೆಮ್ಮೆಯಿಂದ ಬೀಗುತ್ತ ಮೌಸ್ ತಂದು ಸಿಕ್ಕಿಸಿ, ಅವನ ಬಲಗೈ ಪಕ್ಕದಲ್ಲೇ ಇಟ್ಟ. "ತೋರ್ಸಿಬಿಡಿ ಭಾವ, ಆಡ್ಕೊಳ್ಳೋರು ಬಾಯಿ ಮುಚ್ಕೋತಾರೆ."

ಸಾಹೇಬ ಮತ್ತೆ ಗಡಿಯಾರ ಒತ್ತಿದ. ಮಿಂಚಣ್ಣ ಮೌಸ್ ಹಿಡಿದ. ಹಲ್ಲು ಕಚ್ಚಿ, ಮೊಣಕೈಯನ್ನು ಮೇಜಿಗೆ ಒತ್ತಿ ಹಿಡಿದ. ಗೋಡೆಯ ಮೇಲೆ ಬಾಣದ ಗುರುತು ಪಟಪಟನೆ ಅದುರಿತು. ಫೋಟೊ ಹಿಡಿಯಲು ಹೋಗಿ ತಲೆಬರಹವನ್ನು ಹಿಡಿಯಿತು. ಅದನ್ನು ಬಿಡಲು ಹೋದರೆ ಇಡೀ ಕಾಲಮ್ಮನ್ನು ಪುಟದ ಹೊರಗೆ ಎಳೆದು ಹಾಕಿತು.

ಎಲ್ಲರೂ ಗೊಳ್ಳೆಂದು ನಕ್ಕರು. "ಮೌಸಿಗೆ ಚಳಿಜ್ವರ ಬಂದಿದೆ!" ಎಂದರು ಯಾರೋ.

"ಥೂ, ಕೆಟ್ಟಿರೋದನ್ನ ತಂದಿದೀನಿ," ಎಂದು ಭಾಮೈದ ಓಡಿಹೋಗಿ ಸಾಹೇಬನ ಮೇಜಿನದನ್ನೇ ಕಿತ್ತು ತಂದ. ಹೊಸದು, ಹೊಳೆಯುತ್ತಿತ್ತು. ಮಿಂಚಣ್ಣ ಅದನ್ನೂ ಹಿಡಿದ. ಬಾಣ ಮತ್ತೂ ಜೋರಾಗಿ ಅದುರಿತು. ಒಂದಿಬ್ಬರು ನಗಲು ಶುರು ಮಾಡಿ ಅರ್ಧಕ್ಕೇ ನಿಲ್ಲಿಸಿದರು. ಅಲ್ಲಿಯವರೆಗೆ ಗೋಡೆ ನೋಡುತ್ತಿದ್ದವರು ಒಬ್ಬೊಬ್ಬರಾಗಿ ಮೇಜಿನ ಕಡೆಗೆ ತಿರುಗಿದರು.

ಭಾಮೈದನೂ ನೋಡಿದ. ಅವನ ಮುಖ ಬಿಳಿಚಿಕೊಂಡಿತು. ಹಳೇ ಕೀಬೋರ್ಡು, ಎರಡೆರಡು ಬೀಳುವ ಅಕ್ಷರ, ಮೌಸಿಲ್ಲದ ಮೇಜು, ಎಲ್ಲ ಒಮ್ಮೆಗೇ ಅರ್ಥವಾಯಿತೇನೋ.

"ಇದೂ ಸರಿಯಿಲ್ಲ ಸಾರ್," ಎಂದ. "ಈ ಕಂಪನಿ ಮೌಸೇ ಹೀಗೆ. ವೈರೂ ಸರಿಯಿಲ್ಲ. ಇವತ್ತು ಬಿಟ್ಬಿಡಿ ಸಾರ್, ನಾನು ಬೇರೆ ತರಿಸ್ತೀನಿ."

ಬಾಯಲ್ಲಿ ಏನೂ ನಿಲ್ಲದವನು ಹೀಗೆ ಎಲ್ಲರೆದುರು ಸುಳ್ಳು ಹೇಳುತ್ತ, ಬೆವರುತ್ತ, ಕೈಗೆ ಸಿಕ್ಕ ವೈರುಗಳನ್ನೆಲ್ಲ ಎಳೆದಾಡುತ್ತ ನಿಂತಿದ್ದ. ಮಿಂಚಣ್ಣನಿಗೆ ಅದನ್ನು ನೋಡಲಾಗಲಿಲ್ಲ. ಹೂಂ ಎಂದರೆ ಇವತ್ತಿಗೆ ಉಳಿದುಕೊಳ್ಳಬಹುದಿತ್ತು. ನಾಳೆ ಮತ್ತೊಂದು ಮೌಸ್ ಬರುತ್ತದೆ, ಇವನು ಮತ್ತೊಂದು ಸುಳ್ಳು ಹುಡುಕುತ್ತಾನೆ.

"ಬಿಡೋ, ಸಾಕು," ಎಂದ. "ಮೌಸ್ ಚೆನ್ನಾಗಿದೆ."

ಸಾಹೇಬನ ಕೈಯಲ್ಲಿ ಗಡಿಯಾರ ಇನ್ನೂ ಓಡುತ್ತಿತ್ತು. ಮಿಂಚಣ್ಣ ಮೌಸಿನ ಮೇಲಿಂದ ಕೈ ತೆಗೆಯಲಿಲ್ಲ. ಫೋಟೊವನ್ನು ಹಿಡಿದು ಅದರ ಜಾಗದ ಕಡೆಗೆ ಎಳೆಯತೊಡಗಿದ. ಗೋಡೆಯ ಮೇಲೆ ಅದು ನಡುಗುತ್ತ ಹೋಗಿ, ಅಂಚು ತಾಕಿ, ಜಾರಿ, ಮತ್ತೆ ಅಂಚಿಗೆ ಬಂತು. ಎಲ್ಲರೂ ಉಸಿರು ಹಿಡಿದು ಅದನ್ನೇ ನೋಡುತ್ತಿದ್ದರು.