ಮೂರನೇ ಗುಂಡು

"ಗಜ ಕೊಡಿ ಬಾಯಮ್ಮ, ಬೇಗ!" ಕೋವಿಯ ಬಾಯಿಗೆ ಮದ್ದು ಸುರಿದು, ಗುಂಡು ಇಳಿಸಿ, ಕರುಣಾಕರ ಕೈಚಾಚಿದ.

ಗಂಟೆ ಮೂರೂವರೆ. ಕಾರ್ಕಳದ ಆ ಮನೆಯಂಗಳದಲ್ಲಿ ಕೋವಿ ರಿಪೇರಿಯ ಅಲೆಕ್ಸಾಂಡರ್ ಶವಪೆಟ್ಟಿಗೆಯೊಳಗೆ ಮಲಗಿದ್ದ. ನಾಲ್ಕಕ್ಕೆ ಇಗರ್ಜಿಗೆ ಹೊರಡಬೇಕು. ಅವನ ಹೆಂಡತಿ ಸಿಂಥಿಯಾ ಮಾತ್ರ ಕಪ್ಪು ಸೀರೆ ಎತ್ತಿ ಕಟ್ಟಿ, ಹಿತ್ತಲಿನ ಕಲ್ಲುಕೋರೆಯಲ್ಲಿ ಗಜ, ಅಂದರೆ ಮದ್ದು ಜಡಿಯುವ ಸರಳು, ಹಿಡಿದು ನಿಂತಿದ್ದಳು!

ಮೈದುನ ಲೆಸ್ಟರ್ ಓಡಿಬಂದ. "ಅತ್ತಿಗೆ, ಸಾವಿನ ಮನೆಯಲ್ಲಿ ಗುಂಡು ಹೊಡೆಯುವುದಾ? ಜನ ಎಂತ ಹೇಳಿಯಾರು?"

"ಹೇಳಲಿ. ಇದು ನಿನ್ನ ಅಣ್ಣನ ಕಡೆಯ ಆಸೆ. ನೀನು ಆಚೆ ನಿಲ್ಲು."

ಕರುಣಾಕರ ಗಜ ಇಸಿದುಕೊಂಡು ಗುಂಡು ಜಡಿದ. ಅಲೆಕ್ಸಾಂಡರ್ ವರ್ಷದಿಂದ ಮಾತು ಬಿಟ್ಟ ಗೆಳೆಯ. ಅವನು ಮಣ್ಣಿಗೆ ಹೋಗುವ ಮೊದಲು ತಿಳಿಯಲೇಬೇಕು, ಕೋವಿ ಸರಿ ಉಂಟೋ ಇಲ್ಲವೋ.

*

ಕಳೆದ ವರ್ಷ ಪೆರ್ಡೂರಿನಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ. ಅಲೆಕ್ಸಾಂಡರನ ಕೋವಿಯಿಂದ ಕರುಣಾಕರ ಹೊಡೆದ ಎರಡು ಕಾಯಿ ಪುಡಿ. ಮೂರನೇ ಗುಂಡು ಗೇಣುದ್ದ ಎಡಕ್ಕೆ ಹಾರಿತ್ತು.

"ನಿನ್ನ ನಳಿಗೆಯೇ ಸೊಟ್ಟ!" ಎಂದು ಕರುಣಾಕರ ಎಲ್ಲರೆದುರು ಬೈದ. ಇಬ್ಬರಿಗೂ ಮೂಗಿನ ಮೇಲೇ ಸಿಟ್ಟು. ಅಲೆಕ್ಸಾಂಡರ್ ಕೋವಿ ಕಿತ್ತುಕೊಂಡು ಹೋಗಿ ಇದೇ ಕೋರೆಯಲ್ಲಿ ಹತ್ತು ಗುಂಡು ಹೊಡೆದ. ಹತ್ತೂ ತಾಗಿದವು. "ಸೊಟ್ಟ ಇರುವುದು ನಿನ್ನ ಕಣ್ಣು!" ಎಂದ.

ಮೊನ್ನೆ ಬೆಳಿಗ್ಗೆ ಅದೇ ಕೋವಿ ಹಿಡಿದು ಕೂತವನು ಥಟ್ಟನೆ ಕೂಗಿದ್ದ: "ಸಿಂಥಿಯಾ, ತಪ್ಪು ನನ್ನದೇ ಮಾರಾಯ್ತಿ! ಒಂದೊಂದು ಗುಂಡಿಗೂ ನಾನು ನಳಿಗೆ ಒರೆಸುತ್ತೇನೆ. ಅಭ್ಯಾಸ, ಕೈ ತನ್ನಷ್ಟಕ್ಕೇ ಒರೆಸುತ್ತದೆ. ಅವನಿಗೆ ಹೇಳಿಯೇ ಇಲ್ಲ! ಒಳಗೆ ಮದ್ದಿನ ಮಸಿ ಕಟ್ಟಿದರೆ ಗುಂಡು ನೇರ ಎಲ್ಲಿ ಹೋದೀತು? ಕರುಣನನ್ನು ಕರಿ, ಈಗಲೇ ಮೂರು ಹೊಡೆಸಬೇಕು!"

ಫೋನು ಹುಡುಕಲು ಎದ್ದವನು ಬಾಗಿಲಲ್ಲೇ ಕುಸಿದಿದ್ದ.

*

ಢಂ! ಕೋರೆಯಲ್ಲಿ ಇಟ್ಟ ಮೊದಲ ಕಾಯಿ ಸಿಡಿಯಿತು. ಸಿಂಥಿಯಾ ಗಜಕ್ಕೆ ಒದ್ದೆ ಬಟ್ಟೆ ಸುತ್ತಿ ಕೊಟ್ಟಳು. ಕರುಣಾಕರ ಒರೆಸಿ, ಒಣಗಿಸಿ, ಮತ್ತೆ ತುಂಬಿದ. ಎರಡನೆಯದೂ ಸಿಡಿಯಿತು. ಮತ್ತೆ ಒರೆಸಿದ. ಅಂಗಳದ ಜಪ ನಿಂತೇಹೋಗಿತ್ತು. ಜನವೆಲ್ಲ ಕೋರೆಯ ಅಂಚಿನಲ್ಲಿ.

"ಹೊಡಿ ಮಾರಾಯ, ಎಂತ ಕಾಯುವುದು!" ಈ ಸಲ ಕೂಗಿದ್ದು ಲೆಸ್ಟರ್.

ಮೂರನೇ ಕಾಯಿ ನಟ್ಟನಡುವೆ ಒಡೆದು ನೀರು ಚಿಮ್ಮಿತು.

ಕರುಣಾಕರ ಅಂಗಳಕ್ಕೆ ಓಡಿ ಪೆಟ್ಟಿಗೆಯ ಬಳಿ ಕುಸಿದು ಕೂತ. "ತಾಗಿತು ಅಲೆಕ್ಸ್, ಮೂರೂ ತಾಗಿತು! ನಿನ್ನ ನಳಿಗೆ ನೇರವೇ ಉಂಟು ಮಾರಾಯ!" ಎಂದು ನಗುತ್ತಲೇ ಗಳಗಳನೆ ಅತ್ತ.

ಮುಚ್ಚಳ ಇಡುವ ಮೊದಲು ಸಿಂಥಿಯಾ ಗಂಡನ ಜಪಮಾಲೆಯಡಿ ಆ ಒದ್ದೆ ಬಟ್ಟೆ ಸಿಕ್ಕಿಸಿದಳು. ಅವನಿಗೆ ತೊಡಿಸಿದ್ದ ಬಿಳಿ ಕೈಗವಸಿಗೆ ಮಸಿ ಹತ್ತಿತು. ಯಾರೂ ಒರೆಸಲಿಲ್ಲ.